ದೌ: ಇಂಗ್ಲಿಷ್ ಕಳೆದುಕೊಂಡ ಏಕವಚನ

‘ಏಕವಚನ’ ಎಂಬುದು ಕನ್ನಡದಲ್ಲಿ ವ್ಯಾಕರಣದ ಪುಸ್ತಕ ಬಿಟ್ಟು ಬೀದಿಗಿಳಿದ ಮಾತು. ಸಭೆಯಲ್ಲೋ ಕಚೇರಿಯಲ್ಲೋ ಜಟಾಪಟಿ ನಡೆದರೆ ‘ಏಕವಚನದಲ್ಲಿ ನಿಂದಿಸಿದರು’ ಎಂದು ಪತ್ರಿಕೆಯಲ್ಲಿ ಬರುತ್ತದೆ. ಯಾವ ಬೈಗುಳ, ಎಷ್ಟು ಬೈಗುಳ ಎಂದು ಓದುಗ ಕೇಳುವುದಿಲ್ಲ. ‘ನೀವು’ ಇದ್ದ ಕಡೆ ‘ನೀನು’ ಬಂತು ಎನ್ನುವಷ್ಟರಲ್ಲೇ ಆದ ಅವಮಾನ ಅರ್ಥವಾಗಿರುತ್ತದೆ. ಇಂದಿನ ಇಂಗ್ಲಿಷಿನಲ್ಲಿ ಈ ವಾಕ್ಯವನ್ನು ಹೇಳಲು ದಾರಿಯೇ ಇಲ್ಲ. ಹೇಳಹೊರಟರೆ ಒಂದು ಪುಟ ವಿವರಣೆ ಬೇಕು. ಆದರೆ ನಾಲ್ಕೈದು ಶತಮಾನದ ಹಿಂದಿನ ಇಂಗ್ಲಿಷಿಗೆ ಅಂಥ ಬಡತನವಿರಲಿಲ್ಲ. ಏಕವಚನದಲ್ಲಿ ಮಾತಾಡಿಸುವುದಕ್ಕೆಂದೇ ಅಲ್ಲಿ ಒಂದು ಕ್ರಿಯಾಪದವಿತ್ತು. ‘ದೌ’ ಎಂಬ ಸರ್ವನಾಮವನ್ನೇ ಕ್ರಿಯಾಪದ ಮಾಡಿಕೊಂಡು ‘ಅವನು ನನ್ನನ್ನು ದೌ ಮಾಡಿದ’ ಎಂದು ಜನ ದೂರುತ್ತಿದ್ದರು. ಆ ಪದ ಈಗ ಬಳಕೆ ತಪ್ಪಿದೆ. ಪ್ರಾರ್ಥನೆಯಲ್ಲಿ, ಹಳೆಯ ಕವಿತೆಯಲ್ಲಿ, ಶೇಕ್ಸ್‌ಪಿಯರನ ನಾಟಕದಲ್ಲಿ ಮಾತ್ರ ಎದುರಾಗುತ್ತದೆ. ಎದುರಾದಾಗ ಬಹುಮಟ್ಟಿಗೆ ತಲೆಕೆಳಗಾಗಿ ಅರ್ಥವಾಗುತ್ತದೆ.

ತಲೆಕೆಳಗು ಎಂದದ್ದು ಉತ್ಪ್ರೇಕ್ಷೆಯಲ್ಲ. ಇಂದಿನ ಕಿವಿಗೆ ‘ದೌ’ ಗಂಭೀರವಾಗಿ ಕೇಳುತ್ತದೆ. ದೇವರನ್ನು ಕರೆಯುವ ಪದ, ರಾಜಸಭೆಯ ಪದ, ಕೈಕಟ್ಟಿ ತಲೆಬಾಗಿ ಆಡುವ ಪದ ಎನ್ನಿಸುತ್ತದೆ. 1980ರಲ್ಲಿ ಬಂದ ‘ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಡಾರ್ತ್ ವೇಡರ್ ತನ್ನ ಚಕ್ರವರ್ತಿಯ ಮುಂದೆ ಮಂಡಿಯೂರಿ ಅಪ್ಪಣೆ ಕೇಳುವಾಗ ಇದೇ ಸರ್ವನಾಮದ ಷಷ್ಠಿ ರೂಪವನ್ನು ಬಳಸುತ್ತಾನೆ. ವಿಧೇಯತೆ ತೋರಿಸಲೆಂದೇ ಆ ರೂಪವನ್ನು ಅಲ್ಲಿ ಇಟ್ಟಿದ್ದಾರೆ. ಕನ್ನಡದ ಓದುಗನಿಗೆ ಇನ್ನೊಂದು ತೊಡಕೂ ಇದೆ. ‘ದೌ’ ಎಂಬ ಧ್ವನಿ ನಮ್ಮ ‘ತಾವು’ ಎಂಬುದಕ್ಕೆ ತೀರಾ ಹತ್ತಿರ. ಕಿವಿಯೇ ದಾರಿ ತಪ್ಪಿಸಿಬಿಡುತ್ತದೆ. ಆದರೆ ದಾಖಲೆಗಳು ಹೇಳುವುದು ಬೇರೆ. ‘ದೌ’ ಎಂದೂ ‘ತಾವು’ ಆಗಿರಲಿಲ್ಲ, ಅದು ‘ನೀನು’. ಮಗುವಿಗೆ, ಆಳಿಗೆ, ಗೆಳೆಯನಿಗೆ, ನಲ್ಲೆಗೆ, ನಾಯಿಗೆ, ಶತ್ರುವಿಗೆ, ದೇವರಿಗೆ ಆಡುವ ನೀನು. ಈ ಮಾತನ್ನು ಒಪ್ಪಿಕೊಂಡರೆ ಮುನ್ನೂರು ವರ್ಷಗಳ ಇಂಗ್ಲಿಷ್ ಸಾಹಿತ್ಯ ಕನ್ನಡದ ಓದುಗನಿಗೆ ಬೇರೆಯಾಗಿಯೇ ಕೇಳುತ್ತದೆ, ಇಂದಿನ ಇಂಗ್ಲಿಷ್ ಓದುಗನಿಗೆ ಕೇಳುವುದಕ್ಕಿಂತ ಸ್ಪಷ್ಟವಾಗಿ ಕೇಳುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಪದದ ಹುಟ್ಟು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಮಧ್ಯಮ ಪುರುಷದ ಲೆಕ್ಕ ಸರಳವಾಗಿತ್ತು. ಒಬ್ಬನಾದರೆ ‘ಥೂ’, ಹಲವರಾದರೆ ‘ಯೇ’. ಇಬ್ಬರಿಗೇ ಮೀಸಲಾದ ‘ಯಿತ್’ ಎಂಬ ದ್ವಿವಚನವೂ ಇತ್ತು, ಸಂಸ್ಕೃತದ ‘ಯುವಾಮ್’ ಇದ್ದ ಹಾಗೆ. ದ್ವಿವಚನ ಹದಿಮೂರನೆಯ ಶತಮಾನದ ಹೊತ್ತಿಗೆ ಅಳಿಯಿತು. ‘ಥೂ’ ಕಾಲಾಂತರದಲ್ಲಿ ‘ದೌ’ ಆಯಿತು. ಅದರ ಬಳಗ ದೊಡ್ಡದು: ಲ್ಯಾಟಿನ್ನಿನ ‘ತು’, ಜರ್ಮನ್ನಿನ ‘ದು’, ಹಿಂದಿಯ ‘ತೂ’, ಸಂಸ್ಕೃತದ ‘ತ್ವಮ್’ ಎಲ್ಲವೂ ಒಂದೇ ಬೇರಿನ ಚಿಗುರುಗಳು. ನಮ್ಮ ‘ನೀನು’ ದ್ರಾವಿಡ ಮೂಲದ್ದು, ಅದಕ್ಕೂ ಇವಕ್ಕೂ ರಕ್ತಸಂಬಂಧವಿಲ್ಲ. ಆದರೆ ನಡವಳಿಕೆಯಲ್ಲಿ ಅಣ್ಣತಮ್ಮಂದಿರಂತಿವೆ. ‘ನೀನು ಹೋಗುತ್ತೀಯೆ, ನೀವು ಹೋಗುತ್ತೀರಿ’ ಎಂದು ನಮ್ಮಲ್ಲಿ ಕ್ರಿಯಾಪದದ ಬಾಲ ಬದಲಾಗುವಂತೆ ‘ದೌ’ ಬಂದರೆ ಅಲ್ಲಿಯೂ ಬಾಲ ಬದಲಾಗುತ್ತಿತ್ತು. ‘ಆರ್’ ಹೋಗಿ ‘ಆರ್ಟ್’, ‘ಹ್ಯಾವ್’ ಹೋಗಿ ‘ಹ್ಯಾಸ್ಟ್’ ಬರುತ್ತಿತ್ತು. ಕರ್ಮವಾದರೆ ‘ದೀ’ ಅಂದರೆ ನಿನ್ನನ್ನು, ಷಷ್ಠಿಯಾದರೆ ‘ದೈ’ ಅಥವಾ ‘ದೈನ್’ ಅಂದರೆ ನಿನ್ನ. ಬಹುವಚನದಲ್ಲಿ ಕರ್ತೃಪದ ‘ಯೀ’, ಕರ್ಮಪದ ‘ಯೂ’. ಇಂದು ಲೋಕವೆಲ್ಲ ಆಡುವ ‘ಯೂ’ ಮೂಲದಲ್ಲಿ ‘ನಿಮ್ಮನ್ನು’ ಎಂಬ ಪದ. ಕರ್ತೃವಿನ ಪೀಠಕ್ಕೆ ಅದು ಏರಿದ್ದು ಹದಿನೈದು ಹದಿನಾರನೆಯ ಶತಮಾನಗಳಲ್ಲಿ. ಅಂಗಡಿಗಳ ಹಲಗೆಯಲ್ಲಿ ಹಳೆಯ ಗತ್ತಿಗಾಗಿ ಬರೆಯುವ ‘ಯೀ ಓಲ್ಡ್’ ಎಂಬುದರ ‘ಯೀ’ಗೂ ಈ ಸರ್ವನಾಮಕ್ಕೂ ಸಂಬಂಧವಿಲ್ಲ. ಅದು ‘ದ’ ಎಂಬ ಉಪಪದವೇ. ಥಕಾರಕ್ಕಿದ್ದ ಥಾರ್ನ್ ಎಂಬ ಹಳೆಯ ಅಕ್ಷರದ ಬದಲಿಗೆ ಮುದ್ರಕರು ಹೋಲಿಕೆಯ ಮೇಲೆ ‘ವೈ’ ಅಕ್ಷರ ಜೋಡಿಸಿದ್ದರಿಂದ ಹುಟ್ಟಿದ ತಪ್ಪು ಓದು.

ಈ ಸರಳ ಲೆಕ್ಕಕ್ಕೆ ಮರ್ಯಾದೆಯ ಪ್ರಶ್ನೆ ಬೆರೆತದ್ದು ಹೇಗೆ? ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಬಂಧ ಇದರ ಎಳೆಯನ್ನು ನಾಲ್ಕನೆಯ ಶತಮಾನದ ರೋಮನ್ ಚಕ್ರವರ್ತಿಗಳವರೆಗೆ ಒಯ್ಯುತ್ತದೆ. ಆಳುವವನನ್ನು ಬಹುವಚನದಲ್ಲಿ ಕರೆಯುವ ರೂಢಿ ಅಲ್ಲಿ ಹುಟ್ಟಿ ಯೂರೋಪಿನ ಭಾಷೆಗಳಿಗೆ ಹರಡಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದ ಭಾಷೆ ಫ್ರೆಂಚ್ ಆಯಿತು. ಫ್ರೆಂಚಿನ ‘ತು’, ‘ವೂ’ಗಳ ಭೇದವನ್ನು ನೋಡಿ ಹದಿಮೂರನೆಯ ಶತಮಾನದಿಂದೀಚೆಗೆ ಇಂಗ್ಲಿಷ್ ಕೂಡ ಹಿರಿಯನೊಬ್ಬನನ್ನು ಹಲವರೆಂಬಂತೆ ಕರೆಯತೊಡಗಿತು. ಮೇಲಿನವರು ಕೆಳಗಿನವರಿಗೆ ‘ದೌ’ ಎನ್ನುವುದು, ಕೆಳಗಿನವರು ಮೇಲಿನವರಿಗೆ ‘ಯೀ’ ಎನ್ನುವುದು. ಸಿರಿವಂತರು ತಮ್ಮತಮ್ಮಲ್ಲಿ ‘ಯೀ’, ಬಡವರು ತಮ್ಮತಮ್ಮಲ್ಲಿ ‘ದೌ’. ಗೌರವಾರ್ಥಕ ಬಹುವಚನ ಎಂದು ನಮ್ಮ ವ್ಯಾಕರಣಗಳು ಕರೆಯುವುದು ಇದನ್ನೇ. ಅಪ್ಪನಿಗೆ ‘ನೀವು’, ಅಮ್ಮನಿಗೆ ‘ನೀನು’ ಎನ್ನುವ ಮನೆಗಳನ್ನು ಕಂಡ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮನಿಗೆ ‘ನೀನು’ ಎಂದದ್ದು ಅಗೌರವವಲ್ಲ ಎಂಬುದನ್ನೂ ಅವನಿಗೆ ಯಾರೂ ಕಲಿಸಬೇಕಿಲ್ಲ. ಏಕವಚನಕ್ಕೆ ಎರಡು ಮುಖ. ಒಂದು ಸಲಿಗೆಯದು, ಇನ್ನೊಂದು ತಾತ್ಸಾರದ್ದು. ಯಾವ ಮುಖ ಎಂದು ಗೊತ್ತಾಗುವುದು ಆಡಿದವರು ಯಾರು, ಆಡಿಸಿಕೊಂಡವರು ಯಾರು, ಆಗ ಏನು ನಡೆಯುತ್ತಿತ್ತು ಎಂಬುದರಿಂದ.

ಈ ಎರಡು ಮುಖಗಳನ್ನೂ ತಿಳಿದು ಆಡಿದವನು ಶೇಕ್ಸ್‌ಪಿಯರ್. ‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದಲ್ಲಿ ರಾಣಿ ಗರ್ಟ್ರೂಡ್ ಮಗನನ್ನು ತನ್ನ ಕೋಣೆಗೆ ಕರೆಸಿಕೊಳ್ಳುತ್ತಾಳೆ. ಗಂಡ ಸತ್ತು ಎರಡು ತಿಂಗಳಾಗುವಷ್ಟರಲ್ಲಿ ಅವನ ತಮ್ಮನನ್ನೇ ಮದುವೆಯಾದವಳು. ಅವಳ ಮೊದಲ ಮಾತು, ನೀನು ನಿನ್ನ ತಂದೆಯ ಮನಸ್ಸು ನೋಯಿಸಿದ್ದೀ ಎಂಬ ಆಕ್ಷೇಪ. ಅಲ್ಲಿ ಬಳಸಿದ್ದು ‘ದೌ’. ಗದರಿಕೆಯಿದ್ದರೂ ತಾಯಿಯ ಸಲಿಗೆ ಅದು, ಮಗನನ್ನು ಹತ್ತಿರಕ್ಕೆ ಎಳೆದುಕೊಳ್ಳುವ ನೀನು. ಹ್ಯಾಮ್ಲೆಟ್ ಅದೇ ವಾಕ್ಯವನ್ನು ಹಿಂದಕ್ಕೆ ಎಸೆಯುತ್ತಾನೆ, ತಂದೆಯ ಮನಸ್ಸು ನೋಯಿಸಿದವರು ನೀವು ಎಂದು. ಪದಗಳು ಹೆಚ್ಚುಕಡಿಮೆ ಅವೇ. ‘ತಂದೆ’ ಎಂದರೆ ಅವಳ ಬಾಯಲ್ಲಿ ಈಗಿನ ಗಂಡ, ಅವನ ಬಾಯಲ್ಲಿ ಸತ್ತ ದೊರೆ. ಆದರೆ ಬಾಗಿಲು ಮುಚ್ಚಿದಂತೆ ಬೀಳುವುದು ಸರ್ವನಾಮ. ಅವಳು ‘ದೌ’ ಎಂದು ಚಾಚಿದ ಕೈಯನ್ನು ಅವನು ‘ಯೂ’ ಎಂದು ದೂರ ಸರಿಸುತ್ತಾನೆ. ತಾಯಿಗೆ ಮಗ ಬಹುವಚನ ಹಚ್ಚುವುದು ಆ ಕಾಲದ ಶಿಷ್ಟಾಚಾರವೇ. ತಪ್ಪೇನೂ ಮಾಡದೆ, ಶಿಷ್ಟಾಚಾರದ ಒಳಗೇ ನಿಂತು ಅವನು ಅವಳನ್ನು ಪರಕೀಯಳನ್ನಾಗಿ ಮಾಡುತ್ತಾನೆ. ಇಂದಿನ ಇಂಗ್ಲಿಷ್ ಪ್ರೇಕ್ಷಕನಿಗೆ ಇಲ್ಲಿ ಕೇಳುವುದು ಹಳೆಯ ಶೈಲಿಯ ಎರಡು ಸಾಲು. ‘ನೀನು’ ಎಂದ ತಾಯಿಗೆ ಮಗ ‘ನೀವು’ ಎಂದು ಉತ್ತರ ಕೊಟ್ಟ ಎಂದು ಹೇಳಿ ನೋಡಿ, ಯಾವ ಕನ್ನಡಿಗನ ಎದೆಗೂ ಅದು ನೇರ ನಾಟುತ್ತದೆ.

‘ಕಿಂಗ್ ಲಿಯರ್’ ನಾಟಕದ ಮೊದಲ ದೃಶ್ಯದಲ್ಲಿ ಇದರ ಎದುರು ದಿಕ್ಕಿನ ಚಲನೆಯಿದೆ. ಕಿರಿಯ ಮಗಳು ಕಾರ್ಡೀಲಿಯಾಳನ್ನು ರಾಜ ಹೊರಹಾಕುತ್ತಿದ್ದಾನೆ. ನಿಷ್ಠಾವಂತ ಕೆಂಟ್ ತಡೆಯಲು ಬರುತ್ತಾನೆ. ಆರಂಭದಲ್ಲಿ ಆಸ್ಥಾನಿಕನ ಗೌರವದ ಮಾತು. ರಾಜ ಕೇಳದಾದಾಗ ಕೆಂಟ್ ಒಮ್ಮೆಲೇ ‘ದೌ’ಗೆ ಇಳಿದು, ಅದೇ ಉಸಿರಿನಲ್ಲಿ ಅವನನ್ನು ಮುದುಕ ಎಂದು ಕರೆಯುತ್ತಾನೆ. ಸಿಂಹಾಸನದ ಮೇಲೆ ಕುಳಿತವನಿಗೆ ತುಂಬಿದ ಸಭೆಯಲ್ಲಿ ಏಕವಚನ! ಇಲ್ಲಿ ‘ದೌ’ ಎಂದರೆ ಭಕ್ತಿಯ ಗಂಭೀರ ಪದ ಎಂದು ಓದಿದರೆ ದೃಶ್ಯವೇ ಕುಸಿಯುತ್ತದೆ. ಲಿಯರ್ ಸಿಟ್ಟಿಗೆದ್ದು ಕತ್ತಿಗೆ ಕೈ ಹಾಕುವುದೇಕೆಂದು ತಿಳಿಯುವುದಿಲ್ಲ. ಸಲಿಗೆಯ ಮುಖಕ್ಕೆ ಉದಾಹರಣೆ ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿದೆ. ಔತಣದ ರಾತ್ರಿ ಮೊದಲ ಸಲ ಎದುರಾದಾಗ ಜೂಲಿಯೆಟ್ ಅಪರಿಚಿತ ತರುಣನಿಗೆ ‘ಯೂ’ ಎನ್ನುತ್ತಾಳೆ, ಅವನು ಮುತ್ತಿಟ್ಟ ಮೇಲೂ ‘ಯೂ’ ಬಿಡುವುದಿಲ್ಲ. ಅದೇ ರಾತ್ರಿ ಉಪ್ಪರಿಗೆಯ ಮೇಲೆ ಒಬ್ಬಳೇ ನಿಂತು ಅವನ ಹೆಸರು ಹಿಡಿದು ಹಲುಬುವಾಗ ಅವಳ ಬಾಯಲ್ಲಿ ಬರುವುದು ‘ದೌ’. ಅವನು ಕೆಳಗೆ ನಿಂತು ಕೇಳಿಸಿಕೊಂಡನೆಂದು ಗೊತ್ತಾದ ಮೇಲೆ ಅವಳು ಹಿಂದೆ ಸರಿಯುವುದಿಲ್ಲ, ನೀನು ಎಂದೇ ಮುಂದುವರಿಸುತ್ತಾಳೆ. ಪ್ರೇಮ ನಿವೇದನೆ ಅಲ್ಲಿ ಸರ್ವನಾಮದಲ್ಲೇ ಮುಗಿದುಹೋಗಿದೆ. ಆ ಹಲುಬುವಿಕೆಯ ಮೊದಲ ಸಾಲಿನ ‘ವೇರ್‌ಫೋರ್’ ಕೂಡ ತಪ್ಪಾಗಿ ಓದಿಸಿಕೊಳ್ಳುವ ಪದವೇ: ಎಲ್ಲಿದ್ದೀ ಎಂದಲ್ಲ ಅದರ ಅರ್ಥ, ಏಕೆ ರೋಮಿಯೋ ಆದೆ ಎಂದು.

ನಾಟಕ ಬಿಟ್ಟು ನಿಜ ಬದುಕಿಗೆ ಬಂದರೂ ಸಾಕ್ಷ್ಯ ಅದೇ. 1603ರ ನವೆಂಬರಿನಲ್ಲಿ ವಿಂಚೆಸ್ಟರಿನಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಸರ್ಕಾರದ ಪರ ವಾದಿಸಿದವನು ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್. ಕೋಕ್ ಆ ಸಭೆಯಲ್ಲಿ ರಾಲಿಯನ್ನು ‘ದೌ’ ಎಂದು ಕರೆದ. ಅಷ್ಟೇ ಅಲ್ಲ, ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ ಎಂದು ಸಾರಿ ಹೇಳಿ ದ್ರೋಹಿ ಎಂಬ ಪದವನ್ನು ಅದಕ್ಕೆ ಅಂಟಿಸಿದ. ರಾಲಿ ಸಾಮಾನ್ಯನಲ್ಲ, ಎಲಿಜಬೆತ್ ರಾಣಿಯ ಆಸ್ಥಾನದಲ್ಲಿ ಮೆರೆದವನು. ಅವನ ಗೌರವವನ್ನು ಸುಲಿಯಲು ವಕೀಲ ಆರಿಸಿಕೊಂಡ ಆಯುಧ ಒಂದು ಸರ್ವನಾಮ. ಸುಮಾರು ಇದೇ ವರ್ಷಗಳ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಸರ್ ಟೋಬಿ, ದ್ವಂದ್ವಯುದ್ಧಕ್ಕೆ ಕರೆಯುವ ಕಾಗದ ಬರೆಯಹೊರಟ ಗೆಳೆಯನಿಗೆ ಕೊಡುವ ಸಲಹೆಯೂ ಇದೇ: ಎದುರಾಳಿಗೆ ಮೂರು ಸಲ ‘ದೌ’ ಹಾಕು, ತಪ್ಪಾಗದು. ಇನ್ನೂ ಹಿಂದೆ, 1560ರ ದಶಕದ ಡರ್ಹಮ್ ಚರ್ಚ್ ನ್ಯಾಯಾಲಯದ ಹೇಳಿಕೆಗಳಲ್ಲಿ ಸಾಧಾರಣ ಜನ ಜಗಳದಲ್ಲಿ ಆಡಿದ ಮಾತುಗಳು ದಾಖಲಾಗಿವೆ. ಅಲ್ಲಿಯೂ ಸಮಾಧಾನದ ಮಾತಿಗೆ ‘ಯೂ’, ಸಿಟ್ಟು ಏರಿದಾಗ ‘ದೌ’. ಕನ್ನಡದಲ್ಲಿ ‘ಏನ್ರೀ’ ಎಂದು ಶುರುವಾದ ಮಾತು ‘ಏನೋ’ ಎಂಬಲ್ಲಿಗೆ ಬರುವ ಆ ಕ್ಷಣವನ್ನು ನೆನೆಯಬಹುದು. ಅಲ್ಲಿಂದಾಚೆಗೆ ಕೈ ಎತ್ತುವುದಷ್ಟೇ ಬಾಕಿ.

ಇಲ್ಲಿ ಬರುವ ಮೊದಲ ಆಕ್ಷೇಪ ಬೈಬಲಿನದು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ದೇವರಿಗೆ ‘ದೌ’ ಎನ್ನುತ್ತಾರೆ, ಹಾಗಾದರೆ ಅದು ಅತ್ಯುನ್ನತ ಗೌರವದ ಪದವಾಗಿರಲೇಬೇಕಲ್ಲ? ಉತ್ತರ ಅದೇ ಗ್ರಂಥದಲ್ಲಿದೆ. ಆದಿಕಾಂಡದಲ್ಲಿ ದೇವರು ಹಾವಿಗೆ ಶಾಪ ಕೊಡುವಾಗಲೂ ‘ದೌ’, ತಮ್ಮನನ್ನು ಕೊಂದ ಕಾಯಿನನಿಗೂ ‘ದೌ’, ಬೇರೆಡೆ ಸೈತಾನನಿಗೂ ‘ದೌ’. ದೇವರಿಗೂ ಹಾವಿಗೂ ಒಂದೇ ಪದ ಸಲ್ಲುತ್ತದೆಂದರೆ ಅದು ಅಳೆಯುತ್ತಿರುವುದು ಗೌರವವನ್ನಲ್ಲ, ಸಂಖ್ಯೆಯನ್ನು. ಮೂಲದ ಹೀಬ್ರೂ ಮತ್ತು ಗ್ರೀಕ್ ಭಾಷೆಗಳಲ್ಲಿ ಏಕವಚನ ಬಹುವಚನಗಳ ಭೇದವಿತ್ತು, ಮರ್ಯಾದೆಯ ಬಹುವಚನ ಇರಲಿಲ್ಲ. 1526ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್ ಆ ಭೇದವನ್ನು ಹಾಗೆಯೇ ಉಳಿಸಿಕೊಂಡ. ಅವನ ಹಾದಿಯಲ್ಲೇ 1611ರ ವಿದ್ವಾಂಸರು ನಡೆದರು, ಆ ಹೊತ್ತಿಗೆ ಲಂಡನ್ನಿನ ಆಡುಮಾತಿನಲ್ಲಿ ‘ದೌ’ ಸವೆಯುತ್ತಿದ್ದರೂ. ಅದರಿಂದ ದಕ್ಕಿದ ಲಾಭವೇನೆಂದು ಲೂಕನ ಸುವಾರ್ತೆಯ ಇಪ್ಪತ್ತೆರಡನೆಯ ಅಧ್ಯಾಯ ತೋರಿಸುತ್ತದೆ. ಯೇಸು ಕೊನೆಯ ಊಟದ ವೇಳೆ ಸೀಮೋನ ಪೇತ್ರನಿಗೆ ಎರಡು ಮಾತು ಹೇಳುತ್ತಾನೆ. ಸೈತಾನ ಕೇಳಿಕೊಂಡಿರುವುದು ‘ಯೂ’ ಅಂದರೆ ನಿಮ್ಮೆಲ್ಲರನ್ನು. ನಾನು ಬೇಡಿಕೊಂಡದ್ದು ‘ದೀ’ ಅಂದರೆ ನಿನಗಾಗಿ. ಆಪತ್ತು ಎಲ್ಲರಿಗೂ, ಪ್ರಾರ್ಥನೆ ಈ ಒಬ್ಬನಿಗೆ. ಇಂದಿನ ಇಂಗ್ಲಿಷಿನಲ್ಲಿ ಎರಡೂ ‘ಯೂ’ ಆಗಿ ಆ ಗೆರೆ ಅಳಿಸಿಹೋಗುತ್ತದೆ, ಅಡಿಟಿಪ್ಪಣಿ ಹಾಕಬೇಕಾಗುತ್ತದೆ. ಕನ್ನಡದಲ್ಲಿ ‘ನಿಮ್ಮನ್ನು’, ‘ನಿನಗಾಗಿ’ ಎಂದರೆ ಮುಗಿಯಿತು. ಇನ್ನು ದೇವರಿಗೆ ಏಕವಚನ ಹೇಗೆ ಒಪ್ಪುತ್ತದೆ ಎಂಬ ಪ್ರಶ್ನೆಯನ್ನು ಬಸವಣ್ಣ, ಅಕ್ಕಮಹಾದೇವಿ, ಪುರಂದರದಾಸರ ನಾಡಿನಲ್ಲಿ ಕೇಳುವ ಅಗತ್ಯವೇ ಬೀಳದು. ಕೂಡಲಸಂಗಮನಿಗೂ ಚೆನ್ನಮಲ್ಲಿಕಾರ್ಜುನನಿಗೂ ವಿಠಲನಿಗೂ ಅವರು ಹೇಳಿದ್ದು ‘ನೀನು’ ಎಂದೇ. ಕನ್ನಡ ಬೈಬಲಿನ ಕರ್ತನ ಪ್ರಾರ್ಥನೆಯಲ್ಲಿ ಪರಲೋಕದ ತಂದೆಯ ಹೆಸರಿಗೆ ಹಚ್ಚಿದ ಪದವೂ ‘ನಿನ್ನ’.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಶೇಕ್ಸ್‌ಪಿಯರನ ಪಾತ್ರಗಳು ಒಂದೇ ಮಾತುಕತೆಯಲ್ಲಿ ‘ದೌ’ನಿಂದ ‘ಯೂ’ಗೆ, ‘ಯೂ’ನಿಂದ ‘ದೌ’ಗೆ ಹಾರುತ್ತಲೇ ಇರುತ್ತವೆ. ಕೆಲವು ಕಡೆ ಕಾರಣವೇ ಸಿಗುವುದಿಲ್ಲ. ಪ್ರಾಸಕ್ಕೋ ಲಯಕ್ಕೋ ಹಾಗಾಗಿರಬಹುದು. ಹೀಗಿರುವಾಗ ಅದನ್ನು ಕನ್ನಡದ ‘ನೀನು’ವಿಗೆ ಸಮ ಎನ್ನುವುದು ಅತಿ ಸರಳೀಕರಣವಲ್ಲವೇ? ಇದರಲ್ಲಿ ಸತ್ಯಾಂಶವಿದೆ. ಒಪ್ಪಿಕೊಳ್ಳಬೇಕಾದ ವ್ಯತ್ಯಾಸ ಒಂದುಂಟು. ಕನ್ನಡದಲ್ಲಿ ಇಬ್ಬರ ನಡುವೆ ‘ನೀನು’ ಎಂದೋ ‘ನೀವು’ ಎಂದೋ ಒಮ್ಮೆ ನೆಲೆಯಾದರೆ ಅದು ಸುಲಭವಾಗಿ ಕದಲುವುದಿಲ್ಲ, ನಮ್ಮಲ್ಲಿ ಅದು ಸಂಬಂಧಕ್ಕೆ ಅಂಟಿದ ಪದ. 1600ರ ಸುಮಾರಿನ ಇಂಗ್ಲಿಷಿನಲ್ಲಿ ‘ಯೂ’ ಆಗಲೇ ಎಲ್ಲರ ನಡುವಿನ ಸಾಮಾನ್ಯ ಪದವಾಗಿತ್ತು, ‘ದೌ’ ಎನ್ನುವುದಕ್ಕೆ ವಿಶೇಷ ಕಾರಣ ಬೇಕಿತ್ತು. ಆದ್ದರಿಂದ ಅದು ಸಂಬಂಧಕ್ಕಿಂತ ಆ ಕ್ಷಣದ ಭಾವಕ್ಕೆ ಹೆಚ್ಚು ಅಂಟಿಕೊಂಡಿತು. ಪ್ರೀತಿ ಉಕ್ಕಿದಾಗ, ಸಿಟ್ಟು ಕೆರಳಿದಾಗ, ಎದುರಿಗಿಲ್ಲದವರನ್ನೋ ಸತ್ತವರನ್ನೋ ಉದ್ದೇಶಿಸಿ ಮಾತಾಡುವಾಗ ನಾಲಗೆ ಅದರತ್ತ ಹೊರಳುತ್ತಿತ್ತು. ಆದರೆ ಈ ವ್ಯತ್ಯಾಸ ನನ್ನ ವಾದವನ್ನು ಬೀಳಿಸುವುದಿಲ್ಲ. ಹೊರಳುವ ದಿಕ್ಕು ಯಾವುದೆಂದು ನೋಡಬೇಕು. ಗೌರವ ಹೆಚ್ಚಿದ್ದಕ್ಕಾಗಿ ‘ಯೂ’ ಬಿಟ್ಟು ‘ದೌ’ ಹಿಡಿದ ದೃಶ್ಯವನ್ನು ಆ ನಾಟಕಗಳಲ್ಲಿ ಹುಡುಕುವುದು ಕಷ್ಟ. ಹತ್ತಿರವಾದಾಗಲೋ ಕೆಳಗಿಳಿಸುವಾಗಲೋ ಮಾತ್ರ ಅದು ಬರುತ್ತದೆ, ‘ನೀನು’ ಬರುವ ಎರಡು ಹಾದಿಗಳೂ ಇವೇ.

ಈ ಪದ ಎಷ್ಟು ಸುಡುತ್ತಿತ್ತು ಎಂಬುದಕ್ಕೆ ಕ್ವೇಕರರ ಕಥೆಗಿಂತ ಬೇರೆ ಪುರಾವೆ ಬೇಡ. ಹದಿನೇಳನೆಯ ಶತಮಾನದ ನಡುವೆ ಜಾರ್ಜ್ ಫಾಕ್ಸ್ ಎಂಬ ಬೋಧಕನ ಸುತ್ತ ಬೆಳೆದ ಈ ಪಂಥ ದೇವರ ಮುಂದೆ ಎಲ್ಲರೂ ಸಮಾನರೆಂದು ನಂಬಿತು. ನಂಬಿದ್ದನ್ನು ನಡೆದು ತೋರಿಸುವ ಹಟ ಅವರದು. ಯಾರ ಮುಂದೆಯೂ ಟೋಪಿ ತೆಗೆಯರು, ನ್ಯಾಯಾಧೀಶನೇ ಆಗಲಿ ಪ್ರಭುವೇ ಆಗಲಿ ಒಬ್ಬನಿದ್ದರೆ ‘ದೌ’ ಎಂದೇ ಕರೆಯುವರು. ಒಬ್ಬನನ್ನು ಹಲವರೆಂಬಂತೆ ಕರೆಯುವುದು ಸುಳ್ಳು ಮತ್ತು ಮುಖಸ್ತುತಿ ಎಂಬುದು ಅವರ ವಾದ. 1660ರಲ್ಲಿ ಫಾಕ್ಸ್, ಜಾನ್ ಸ್ಟಬ್ಸ್, ಬೆಂಜಮಿನ್ ಫರ್ಲಿ ಸೇರಿ ಇದಕ್ಕೆಂದೇ ಒಂದು ದೊಡ್ಡ ಪುಸ್ತಕ ತಂದರು. ಮಕ್ಕಳು ಅಕ್ಷರ ಕಲಿಯುವ ಹಲಗೆಯ ಚಿತ್ರವನ್ನು ಪುಟಗಳಲ್ಲಿ ಅಚ್ಚು ಹಾಕಿ, ಅದರೊಳಗೆ ಹತ್ತಾರು ಭಾಷೆಗಳ ಏಕವಚನ ಬಹುವಚನಗಳನ್ನು ಜೋಡಿಸಿ, ಪಂಡಿತರೇ ಮೊದಲು ಇದನ್ನು ಕಲಿಯಿರಿ ಎಂದು ಅವರ ಕೈಗಿಟ್ಟರು. ಹೀಗೆ ‘ದೌ’ ಎಂದದ್ದಕ್ಕೆ ತೆತ್ತ ಬೆಲೆ ಏನಾಗಿತ್ತೆಂದು ಥಾಮಸ್ ಎಲ್ವುಡ್ಡನ ಆತ್ಮಕಥೆ ಹೇಳುತ್ತದೆ. ಕುರುಡನಾದ ಮಿಲ್ಟನ್ನನಿಗೆ ಮುಂದೆ ಪುಸ್ತಕ ಓದಿ ಹೇಳುವವನಾಗಿದ್ದ ಈ ಎಲ್ವುಡ್ ಆಗ ಇಪ್ಪತ್ತರ ಹರೆಯದವನು, ಆಕ್ಸ್‌ಫರ್ಡ್‌ಶೈರಿನ ಸ್ಥಿತಿವಂತ ಮನೆಯ ಮಗ. ಕ್ವೇಕರನಾಗಿ ಮನೆಗೆ ಬಂದು ಅಪ್ಪನ ಎದುರು ಟೋಪಿ ತೆಗೆಯದೆ ನಿಂತ. ಅಪ್ಪ ಹೊಡೆದ, ಟೋಪಿ ಕಸಿದುಕೊಂಡ. ಒಂದಾದ ಮೇಲೊಂದರಂತೆ ಮಗನ ಟೋಪಿಗಳೆಲ್ಲ ಹೋದವು. ಬರಿದಲೆಯಲ್ಲಿ ಹೊರಗೆ ಹೋಗಲಾಗದೆ ಆ ಚಳಿಗಾಲದಲ್ಲಿ ಹುಡುಗ ಮನೆಯೊಳಗೇ ಸೆರೆಯಾದ. ಟೋಪಿಯಷ್ಟೇ ಅಪ್ಪನನ್ನು ಕೆರಳಿಸಿದ್ದು ಸರ್ವನಾಮ. ಇನ್ನೊಮ್ಮೆ ನನಗೆ ‘ದೌ’ ಎಂದರೆ ಹಲ್ಲು ಉದುರಿಸಿ ಗಂಟಲೊಳಗೆ ಇಳಿಸುತ್ತೇನೆ ಎಂದು ಅವನು ಗರ್ಜಿಸಿದನೆಂದು ಎಲ್ವುಡ್ ನೆನೆಯುತ್ತಾನೆ. ‘ದೌ’ ಗೌರವದ ಪದವಾಗಿದ್ದರೆ ಆ ತಂದೆ ಹಿಗ್ಗಬೇಕಿತ್ತು.

ಹದಿನೆಂಟನೆಯ ಶತಮಾನದ ಹೊತ್ತಿಗೆ ಶಿಷ್ಟ ಇಂಗ್ಲಿಷಿನ ಆಡುಮಾತಿನಿಂದ ‘ದೌ’ ಹೊರಬಿದ್ದಿತ್ತು. ಏಕೆ? ಇಂಗ್ಲಿಷರು ಸಮಾನತೆಯನ್ನು ಅಪ್ಪಿಕೊಂಡರು, ಅದಕ್ಕೇ ಎಲ್ಲರಿಗೂ ಒಂದೇ ‘ಯೂ’ ಎಂಬ ಉತ್ತರ ಬಹಳ ಸಲ ಕೇಳಿಬರುತ್ತದೆ. ಇದನ್ನು ನಾನು ಒಪ್ಪಲಾರೆ. ಸಮಾನತೆಗಾಗಿ ಸರ್ವನಾಮ ಬದಲಿಸಿದವರು ಹೆಚ್ಚಾಗಿ ಏಕವಚನದ ಕಡೆಗೇ ಹೋದರು. ಕ್ವೇಕರರು ಹೋದದ್ದು ಅತ್ತಲೇ. 1793ರಲ್ಲಿ ಫ್ರೆಂಚ್ ಕ್ರಾಂತಿಕಾರರು ‘ವೂ’ ಬಿಟ್ಟು ಎಲ್ಲರೂ ‘ತು’ ಎನ್ನಬೇಕೆಂದು ಹೊರಟರು. ಬಿರುದು, ಹುದ್ದೆಗಳ ಹೆಸರು ಹಿಡಿದೇ ಮಾತಾಡಿಸುತ್ತಿದ್ದ ಸ್ವೀಡನ್ನಿನಲ್ಲಿ 1967ರಲ್ಲಿ ವೈದ್ಯಕೀಯ ಇಲಾಖೆಯ ಮುಖ್ಯಸ್ಥ ಬ್ರೂರ್ ರೆಕ್ಸೆಡ್ ತನ್ನ ಸಿಬ್ಬಂದಿಯನ್ನೆಲ್ಲ ‘ದು’ ಎಂದೇ ಕರೆಯುವುದಾಗಿ ಸಾರಿದ; ಕೆಲವೇ ವರ್ಷಗಳಲ್ಲಿ ಇಡೀ ದೇಶ ‘ನೀನು’ವಿಗೆ ಇಳಿಯಿತು. ಇಂಗ್ಲಿಷ್ ನಡೆದದ್ದು ಇದಕ್ಕೆ ವಿರುದ್ಧವಾಗಿ. ಅದು ‘ನೀವು’ವನ್ನು ಬಿಡಲಿಲ್ಲ, ‘ನೀನು’ವನ್ನು ಬಿಟ್ಟಿತು. ಹಣದಿಂದ ಅಂತಸ್ತು ಏರಿಳಿಯುತ್ತಿದ್ದ, ಎದುರಿಗಿರುವವನು ಯಾರೆಂದು ಬಟ್ಟೆ ನೋಡಿ ಹೇಳಲಾಗದ ನಗರಗಳಲ್ಲಿ ತಪ್ಪಿ ‘ದೌ’ ಎಂದರೆ ಅಪಾಯ, ತಪ್ಪಿ ‘ಯೂ’ ಎಂದರೆ ನಷ್ಟವೇನಿಲ್ಲ. ಮೇಲೇರುವ ಆಸೆಯವರು ‘ಯೂ’ ಹಿಡಿದರು, ಮೇಲಿದ್ದವರು ಅದನ್ನು ಬಿಡಲಿಲ್ಲ. ಎಲ್ಲರಿಗೂ ಏಕವಚನವನ್ನೇ ಹಚ್ಚುತ್ತಿದ್ದ ಕ್ವೇಕರರು ಅದಕ್ಕೆ ಪಂಥದ ಗುರುತು ಅಂಟಿಸಿದ್ದರಿಂದ ಉಳಿದವರು ಇನ್ನಷ್ಟು ದೂರ ಸರಿದಿರಲೂ ಸಾಕು. ಕಾರಣ ಸಂಕೋಚ, ಸಮಾನತೆಯಲ್ಲ. ಭೇದವೇನೂ ಅಳಿಯಲಿಲ್ಲ, ‘ಸರ್’, ‘ಮಿಸ್ಟರ್’, ‘ಮೈ ಲಾರ್ಡ್’ಗಳಲ್ಲಿ ಅದು ಬೇರೆ ಮನೆ ಕಟ್ಟಿಕೊಂಡಿತು.

ಕಳೆದುಹೋದದ್ದರ ಕೊರತೆಯನ್ನು ಭಾಷೆಯೇ ಅನುಭವಿಸಿ ತುಂಬಿಕೊಳ್ಳಲು ಹೆಣಗಿತು. ಹದಿನೆಂಟನೆಯ ಶತಮಾನದಲ್ಲಿ ಒಬ್ಬರಿಗಾದರೆ ‘ಯೂ ವಾಸ್’, ಹಲವರಿಗಾದರೆ ‘ಯೂ ವರ್’ ಎಂಬ ಜಾಣ ಬಳಕೆ ಹುಟ್ಟಿಕೊಂಡಿತ್ತು. 1762ರಲ್ಲಿ ವ್ಯಾಕರಣಕಾರ ರಾಬರ್ಟ್ ಲೌತ್ ಅದನ್ನು ಘೋರ ತಪ್ಪೆಂದು ಖಂಡಿಸಿದ, ಶಿಷ್ಟರು ಬಿಟ್ಟುಬಿಟ್ಟರು. ಅಮೆರಿಕದ ದಕ್ಷಿಣದಲ್ಲಿ ‘ಯಾಲ್’, ಐರ್ಲೆಂಡಿನಲ್ಲಿ ‘ಯೂಸ್’, ಈಗ ಎಲ್ಲೆಲ್ಲೂ ‘ಯೂ ಗೈಸ್’ ಹುಟ್ಟಿರುವುದು ಇದೇ ಕೊರತೆಗೆ. ‘ನೀವು’ ಒಬ್ಬರಿಗೂ ಸಲ್ಲುವಂತಾದ ಮೇಲೆ ಕನ್ನಡವೂ ‘ನೀವೆಲ್ಲ’, ‘ನೀವುಗಳು’ ಎಂದು ಬಾಲ ಕಟ್ಟಿಕೊಂಡಿದೆಯಷ್ಟೆ. ಹಾಗೆಂದು ‘ದೌ’ ಪೂರ್ತಿ ಸತ್ತೂ ಇಲ್ಲ. ಯಾರ್ಕ್‌ಶೈರಿನ ಹಳಬರ ಮಾತಿನಲ್ಲಿ ಅದು ‘ದಾ’ ಆಗಿ ಬದುಕಿದೆ, ಗೆಳೆಯರ ಸಲಿಗೆಯ ಪದವಾಗಿ. ಅಪರಿಚಿತರು ಅದನ್ನು ತಮಗೆ ಹಚ್ಚಿದರೆ ರೇಗುವ ಗಾದೆಮಾತು ಕೂಡ ಆ ಸೀಮೆಯಲ್ಲುಂಟು. ಡಿ. ಎಚ್. ಲಾರೆನ್ಸ್ 1928ರ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯಲ್ಲಿ ಕಾವಲುಗಾರ ಮೆಲರ್ಸನ ಬಾಯಲ್ಲಿ ಆಡಿಸಿದ್ದು ತನ್ನೂರ ಕಡೆಯ ಇಂಥದೇ ಏಕವಚನವನ್ನು. ಒಡತಿಗೆ ಅವನು ಪ್ರಾಂತ್ಯದ ‘ನೀನು’ ಹಚ್ಚುವಾಗ ಅದರಲ್ಲಿ ಪ್ರೀತಿಯೂ ಇದೆ, ವರ್ಗದ ಗೋಡೆಗೆ ಕೊಟ್ಟ ಗುದ್ದೂ ಇದೆ.

ಮೂರನೆಯ ಆಕ್ಷೇಪವನ್ನು ಭಾಷಾಶಾಸ್ತ್ರಜ್ಞರೇ ಎತ್ತುತ್ತಾರೆ. ಪದದ ಅರ್ಥ ಅದರ ಬಳಕೆಯಲ್ಲಿದೆ. ಇಂದು ಜನ ‘ದೌ’ ಎಂಬುದನ್ನು ಗಂಭೀರ ಗೌರವದ ಪದವೆಂದು ಬಳಸಿದರೆ ಅದೇ ಅದರ ಅರ್ಥ. ಇಂದಿನ ಬಳಕೆಯ ಮಟ್ಟಿಗೆ ಇದು ಸರಿ. ಈ ಅರ್ಥಾಂತರಕ್ಕೆ ಒಂದು ಕಾಲಘಟ್ಟವನ್ನೂ ತೋರಿಸಬಹುದು. 1952ರ ರಿವೈಸ್ಡ್ ಸ್ಟ್ಯಾಂಡರ್ಡ್ ಬೈಬಲ್ ಮನುಷ್ಯರಿಗೆಲ್ಲ ‘ಯೂ’ ಕೊಟ್ಟು ದೇವರಿಗೆ ಮಾತ್ರ ‘ದೌ’ ಉಳಿಸಿತು. ಭೂಮಿಯ ಮೇಲೆ ನಡೆದಾಡುವ ಯೇಸುವಿಗೆ ಯಾವುದು ಸಲ್ಲಬೇಕು ಎಂಬ ತೊಡಕೂ ಆಗ ಎದ್ದಿತು. ಎಲ್ಲರ ಪದ ಅಲ್ಲಿ ದೇವರ ಗುಡಿಗೆ ಸೇರಿ ಬೀಗ ಹಾಕಿಸಿಕೊಂಡಿತು. ಆದರೆ ಇಂದಿನ ಅರ್ಥವನ್ನು ಹಿಂದಕ್ಕೆ ಒಯ್ದು 1600ರ ಸಾಲಿಗೆ ಹಚ್ಚಿದರೆ ಆ ಸಾಲು ಸುಳ್ಳಾಗುತ್ತದೆ. ಬೇರೆ ಭಾಷೆಯ ಏಕವಚನಕ್ಕೆ ಹಚ್ಚಿದರೂ ಅಷ್ಟೆ. ತತ್ವಜ್ಞಾನಿ ಮಾರ್ಟಿನ್ ಬೂಬರ್ 1923ರಲ್ಲಿ ಜರ್ಮನ್ನಿನಲ್ಲಿ ‘ಇಶ್ ಉಂಟ್ ದು’ ಬರೆದಾಗ ಆ ‘ದು’ ಮಕ್ಕಳು, ಗೆಳೆಯರು, ಪ್ರೇಮಿಗಳು ದಿನಾ ಆಡುವ ಪದವಾಗಿತ್ತು. 1937ರ ಇಂಗ್ಲಿಷ್ ಅನುವಾದ ಅದನ್ನು ‘ಐ ಅಂಡ್ ದೌ’ ಮಾಡಿತು. 1970ರಲ್ಲಿ ಮರಳಿ ಅನುವಾದಿಸಿದ ವಾಲ್ಟರ್ ಕಾಫ್ಮನ್, ಪ್ರಸಿದ್ಧವಾದ ಹೆಸರನ್ನು ಮುಟ್ಟಲಾಗದೆ ಬಿಟ್ಟು, ಒಳಗೆಲ್ಲ ‘ಯೂ’ ಎಂದು ಬದಲಿಸಿದ. ಪ್ರೇಮಿಗಳು, ಗೆಳೆಯರು ಪರಸ್ಪರ ‘ದೌ’ ಎನ್ನುವುದಿಲ್ಲ, ಆ ಪದ ಕೇಳಿದೊಡನೆ ಪ್ರವಚನದ ವಾಸನೆ ಬರುತ್ತದೆ ಎಂಬುದು ಅವನ ಅಡ್ಡಿ. ಆ ಪುಸ್ತಕದ ಹೆಸರು ಕನ್ನಡದಲ್ಲಿ ‘ನಾನು ಮತ್ತು ನೀನು’ ಎಂದಾದರೆ ತೊಡಕೇ ಇಲ್ಲ.

ಇಲ್ಲಿಯೇ ಕನ್ನಡದ ಅನುಕೂಲ ಕಾಣುತ್ತದೆ. ಇಂದಿನ ಇಂಗ್ಲಿಷ್ ಕಾದಂಬರಿಯೊಂದನ್ನು ಅನುವಾದಿಸುವವರು ಪ್ರತಿ ‘ಯೂ’ ಎದುರೂ ನಿಂತು, ಈ ಇಬ್ಬರ ನಡುವೆ ನೀನೋ ನೀವೋ, ಎಂದಿನಿಂದ ನೀನು ಎಂದು ತೀರ್ಮಾನಿಸಬೇಕು. ಶೇಕ್ಸ್‌ಪಿಯರನನ್ನು ಅನುವಾದಿಸುವವರಿಗೆ ಆ ಕಷ್ಟದಲ್ಲಿ ಅರ್ಧವನ್ನು ಕವಿಯೇ ಕಳೆದಿದ್ದಾನೆ. ‘ಹ್ಯಾಮ್ಲೆಟ್’ ನಾಟಕವನ್ನು ‘ರಕ್ತಾಕ್ಷಿ’ಯಾಗಿ ಕನ್ನಡದ ಮಣ್ಣಿಗೆ ತಂದ ಕುವೆಂಪು, ಲಿಯರನನ್ನು ಅನುವಾದಿಸಿದ ಮಾಸ್ತಿ ಮೊದಲಾದವರ ಕೈಯಲ್ಲಿದ್ದ ಭಾಷೆಗೆ, ಮೂಲದ ಭಾಷೆಯೇ ಕಳೆದುಕೊಂಡಿದ್ದ ಒಂದು ಶಕ್ತಿ ಇನ್ನೂ ಉಳಿದಿತ್ತು. ತರಗತಿಗಳಲ್ಲಿ ಮಾತ್ರ ನಾವು ಈ ಶಕ್ತಿಯನ್ನು ಬಳಸುತ್ತಿಲ್ಲ. ‘ದೌ ಎಂದರೆ ಯೂ’ ಎಂಬ ಒಂದು ಸಾಲಿನ ಟಿಪ್ಪಣಿಯಲ್ಲಿ ವಿಷಯ ಮುಗಿಯುತ್ತದೆ, ಕನ್ನಡದ ಮಕ್ಕಳಿಗೆ ಇಂಗ್ಲಿಷಿನವರ ಮರೆವನ್ನೇ ಪಾಠ ಮಾಡಿದಂತಾಗುತ್ತದೆ. ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದೇ ಕೋರಿಕೆ: ಶೇಕ್ಸ್‌ಪಿಯರನ ಮುಂದಿನ ಪಾಠ ಶುರುಮಾಡುವ ಮೊದಲು ಕರಿಹಲಗೆಯ ಮೇಲೆ ‘ದೌ’ ಎದುರು ‘ನೀನು’, ‘ಯೂ’ ಎದುರು ‘ನೀವು’ ಎಂದು ಬರೆಯಿರಿ. ಆಮೇಲೆ ತಾಯಿ ಮಗನ ಆ ಎರಡು ಸಾಲನ್ನು ಮಕ್ಕಳ ಕೈಲೇ ಓದಿಸಿ.